ಎದೆ ಇದ್ದಲ್ಲಿಗೆ ಮಗು

ಮಗಳು ಹುಟ್ಟಿದ ಎರಡನೇ ರಾತ್ರಿ. ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಸಿಸ್ಟರ್ ಒಂದು ಕೈಯಲ್ಲಿ ನನ್ನ ಎದೆ ಹಿಂಡಿ ಹಿಡಿದು, ಇನ್ನೊಂದು ಕೈಯಲ್ಲಿ ಮಗುವಿನ ತಲೆಯನ್ನು ಹಿಂದಿನಿಂದ ಒತ್ತಿದರು. ಮಗು ಬೆನ್ನು ಸೆಟೆಸಿ ಕಿರುಚಿತು. ಮತ್ತೆ ಒತ್ತಿದರು, ಮತ್ತೆ ಕಿರುಚಿತು. "ಇಷ್ಟು ದೊಡ್ಡದಿಟ್ಕೊಂಡು ಹಾಲಿಲ್ಲ ಅಂತೀರಲ್ರೀ" ಅಂದರು. ಪಕ್ಕದ ಮಂಚದ ಬಾಣಂತಿಯ ಅತ್ತೆ ತಿರುಗಿ ನನ್ನ ಎದೆ ನೋಡಿದರು. ಹೊಟ್ಟೆಯ ಹೊಲಿಗೆಗಿಂತ ಆ ನೋಟವೇ ಹೆಚ್ಚು ನೋಯಿಸಿತು.

ನನಗೆ ಆ ನೋಟ ಹೊಸದಲ್ಲ. ಎಂಟನೇ ಕ್ಲಾಸಿನಿಂದ ಭುಜ ಮುಂದಕ್ಕೆ ಬಾಗಿಸಿಕೊಂಡೇ ನಡೆದವಳು ನಾನು. ಪಿ.ಟಿ. ಪೀರಿಯಡ್ ಇದ್ದ ದಿನ ಹೊಟ್ಟೆನೋವು ಅಂತ ಹೇಳಿ ಕ್ಲಾಸಲ್ಲೇ ಕೂರುತ್ತಿದ್ದೆ. ಆದರೆ ಬಸುರಿಯಾದಾಗ ಮೊದಲ ಸಲ ಒಂದು ಸಮಾಧಾನ ಇತ್ತು: ಇಷ್ಟು ವರ್ಷ ಹೊತ್ತ ಭಾರ ಈಗಲಾದರೂ ಉಪಯೋಗಕ್ಕೆ ಬರುತ್ತದೆ, ನನ್ನ ಮಗುವಿಗೆ ಹಾಲಿನ ಚಿಂತೆ ಇಲ್ಲ ಅಂತ. ಆ ಲೆಕ್ಕವೇ ತಪ್ಪು ಅಂತ ಆಮೇಲೆ ಗೊತ್ತಾಯಿತು. ಎದೆಯ ಗಾತ್ರ ಬಹುಪಾಲು ಕೊಬ್ಬಿನಿಂದ ಬರುತ್ತದೆ, ಹಾಲು ಬರುವುದು ಅದರೊಳಗಿನ ಗ್ರಂಥಿಗಳಿಂದ. ಸಣ್ಣ ಎದೆಯವರಿಗೆ ಹಾಲು ಕಡಿಮೆ ಅನ್ನುವುದು ಎಷ್ಟು ಸುಳ್ಳೋ, ದೊಡ್ಡ ಎದೆಯವರಿಗೆ ಧಾರಾಳ ಅನ್ನುವುದೂ ಅಷ್ಟೇ ಸುಳ್ಳು. ಮೊದಲ ಎರಡು ದಿನ ಯಾರಿಗೂ ಧಾರೆಯಾಗಿ ಹಾಲು ಬರುವುದಿಲ್ಲ. ಹಳದಿ ಬಣ್ಣದ ಗಿಣ್ಣು ಹಾಲು, ಒಂದು ಸಲಕ್ಕೆ ಚಮಚದಷ್ಟು. ಮೊದಲ ದಿನದ ಮಗುವಿನ ಹೊಟ್ಟೆಗೆ ಬೇಕಾದ್ದೂ ಅಷ್ಟೇ. ಇದನ್ನು ಆ ರಾತ್ರಿ ಯಾರಾದರೂ ಹೇಳಿದ್ದರೆ ನಾನು ಡಬ್ಬಿ ಹಾಲು ಕಲಸಿಕೊಟ್ಟ ಲೋಟದ ಮುಂದೆ ಕೂತು ಅಳುತ್ತಿರಲಿಲ್ಲ.

ನಾಲ್ಕನೇ ದಿನ ಡಿಸ್ಚಾರ್ಜ್. ಹುಟ್ಟಿದಾಗ 3 ಕೆ.ಜಿ. 100 ಗ್ರಾಂ ಇದ್ದ ಮಗು ಆವತ್ತು 2 ಕೆ.ಜಿ. 850 ಇತ್ತು. ತೀರ್ಥಹಳ್ಳಿ ಹತ್ತಿರದ ತವರಿಗೆ ಬಂದೆವು. ಜುಲೈ ತಿಂಗಳು, ಹೊರಗೆ ಬಿಡದೆ ಹೊಡೆಯುವ ಮಳೆ. ಬಾಣಂತಿ ಕೋಣೆಯಲ್ಲಿ ಕಿಟಕಿ ಮುಚ್ಚಿ, ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟು, ನನ್ನ ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು ಅಮ್ಮ ಬಾಣಂತನ ಶುರು ಮಾಡಿದಳು. ಸಬ್ಬಸಿಗೆ ಸೊಪ್ಪಿನ ಪಲ್ಯ, ಸುಟ್ಟ ಬೆಳ್ಳುಳ್ಳಿ, ಮೆಣಸಿನ ಸಾರು. ಹಾಲು ಬಂತು, ಐದನೇ ದಿನ ಬೆಳಗಿನ ಜಾವ ಎದೆ ಕಲ್ಲಾಗಿ ರವಿಕೆ ನೆನೆದೇ ಹೋಯಿತು. ಆದರೆ ಮಗುವಿನ ಹೊಟ್ಟೆಗೆ ಅದು ಹೋಗುತ್ತಿರಲಿಲ್ಲ.

ಏನಾಗುತ್ತಿತ್ತು ಅಂತ ಈಗ ಬಿಡಿಸಿ ಹೇಳಬಲ್ಲೆ, ಆಗ ಗೊತ್ತಿರಲಿಲ್ಲ. ಆಸ್ಪತ್ರೆಯ ಗೋಡೆ ಮೇಲೆ ಒಂದು ಚಿತ್ರ ಇತ್ತು: ತಾಯಿ ನೆಟ್ಟಗೆ ಕೂತಿದ್ದಾಳೆ, ಮಡಿಲಲ್ಲಿ ದಿಂಬು, ದಿಂಬಿನ ಮೇಲೆ ಮಗು, ಮಗುವಿನ ಬಾಯಿ ಎದೆಯ ಮಟ್ಟಕ್ಕೆ. ನಾನು ಅದನ್ನೇ ಮಾಡುತ್ತಿದ್ದೆ. ಎರಡು ದಿಂಬು ಇಟ್ಟು ಮಗುವನ್ನು ಏರಿಸಿ, ಎದೆಯನ್ನು ಕೈಯಲ್ಲಿ ಮೇಲಕ್ಕೆ ಎತ್ತಿ ಬಾಯಿಗೆ ಕೊಡುತ್ತಿದ್ದೆ. ಮಗು ಕಚ್ಚುತ್ತಿತ್ತು, ನಾಲ್ಕು ಗುಟುಕು ಎಳೆಯುತ್ತಿತ್ತು. ಅಷ್ಟರಲ್ಲಿ ಕೈ ಸೋಲುತ್ತಿತ್ತು. ತುಂಬಿದ ಎದೆಯನ್ನು ಹತ್ತು ನಿಮಿಷ ಒಂದೇ ಕೈಯಲ್ಲಿ ಎತ್ತಿ ಹಿಡಿಯುವುದು ಎಷ್ಟು ಕಷ್ಟ ಅಂತ ಹಿಡಿದವರಿಗೇ ಗೊತ್ತು. ಕೈ ಒಂದು ಬೆರಳಷ್ಟು ಇಳಿದರೆ ಎದೆಯೂ ಇಳಿಯುತ್ತಿತ್ತು, ಬಾಯೊಳಗಿದ್ದ ಕಪ್ಪು ಭಾಗ ಜಾರಿ ತೊಟ್ಟು ಮಾತ್ರ ಉಳಿಯುತ್ತಿತ್ತು. ಮಗು ಬೀಳುವುದನ್ನು ಹಿಡಿದುಕೊಳ್ಳುವಂತೆ ಒಸಡಿನಿಂದ ಅದನ್ನೇ ಗಟ್ಟಿಯಾಗಿ ಕಚ್ಚುತ್ತಿತ್ತು. ಆರನೇ ದಿನಕ್ಕೆ ಎರಡೂ ತೊಟ್ಟು ಬಿರಿದು ರಕ್ತ. ಮಗು ಎಚ್ಚರಾಗುವ ಸದ್ದು ಕೇಳಿದರೆ ಕಾಲ್ಬೆರಳು ಮಡಚಿಕೊಳ್ಳುತ್ತಿದ್ದೆ.

ಇನ್ನೊಂದು ಭಯ ಮೂಗಿನದು. ನನ್ನ ಎದೆ ಅವಳ ಮುಖಕ್ಕಿಂತ ದೊಡ್ಡದು. ಬಂದವರೆಲ್ಲ "ಜೋಪಾನ ಕಣೇ, ಉಸಿರುಗಟ್ಟೀತು" ಅನ್ನುತ್ತಿದ್ದರು. ಅದಕ್ಕೆ ತೋರುಬೆರಳಲ್ಲಿ ಮೂಗಿನ ಹತ್ತಿರ ಎದೆಯನ್ನು ಒತ್ತಿ ಗುಳಿ ಮಾಡುತ್ತಿದ್ದೆ. ಹಾಗೆ ಒತ್ತಿದರೆ ಒಳಗೆ ತೊಟ್ಟು ಓರೆಯಾಗಿ ಹೊರಗೆ ಎಳೆದುಕೊಳ್ಳುತ್ತದೆ ಅಂತ ಹೇಳುವವರು ಯಾರೂ ಇರಲಿಲ್ಲ.

ಏಳನೇ ದಿನ ಊರಿನ ಆಶಾ ಕಾರ್ಯಕರ್ತೆ, ನಾವೆಲ್ಲ ಆಶಾ ಅಕ್ಕ ಅನ್ನುವವರು, ಬಂದರು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಅವರು 3, 7, 14, 21, 28 ಮತ್ತು 42ನೇ ದಿನ ಬರಬೇಕು. ಮೂರನೇ ದಿನ ನಾನಿನ್ನೂ ಆಸ್ಪತ್ರೆಯಲ್ಲೇ ಇದ್ದೆ. ನೆನೆದ ಛತ್ರಿ ಜಗಲಿಯಲ್ಲಿ ಬಿಡಿಸಿಟ್ಟು, ಕೈ ತೊಳೆದು ಒಳಗೆ ಬಂದರು, ತಾಯಿ ಕಾರ್ಡ್ ಕೇಳಿದರು, ಮಗುವನ್ನು ಜೋಲಿ ತಕ್ಕಡಿಯಲ್ಲಿ ತೂಗಿದರು. 2 ಕೆ.ಜಿ. 800. ಇಳಿದೇ ಇದೆ. "ದಿನಕ್ಕೆ ಎಷ್ಟು ಬಟ್ಟೆ ಒದ್ದೆ ಮಾಡ್ತಾಳೆ?" ಅಂದರು. ಅಮ್ಮ "ಮೂರೋ ನಾಲ್ಕೋ" ಅಂದಳು. ಈ ದಿನಕ್ಕೆ ಆರಾದರೂ ಆಗಬೇಕಿತ್ತಂತೆ. ಆಮೇಲೆ ನನ್ನ ಕಡೆ ತಿರುಗಿ, "ನೀವು ಹಾಲು ಕೊಡೋದು ಒಂದ್ಸಲ ನೋಡ್ತೀನಿ, ಆಗಬಹುದಾ?" ಅಂತ ಕೇಳಿದರು.

ಕೇಳಿದ್ದೇ ದೊಡ್ಡದು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ಸೀದಾ ಕೈ ಹಾಕುತ್ತಿದ್ದರು.

ನಾನು ದಿಂಬು ಜೋಡಿಸಿದೆ, ಎದೆ ಎತ್ತಿದೆ. ಅವರು ಒಂದು ನಿಮಿಷ ನೋಡಿ ಹೇಳಿದರು: "ಕೈ ಬಿಡಿ. ಪೂರ್ತಿ ಬಿಟ್ಬಿಡಿ." ಬಿಟ್ಟೆ. ಎದೆ ಇಳಿದು ಮಡಿಲ ಹತ್ತಿರ ಬಂತು, ತೊಟ್ಟು ಕೆಳಗೆ, ಸ್ವಲ್ಪ ಹೊರಗೆ ಮುಖ ಮಾಡಿ ನಿಂತಿತು. ನಾಚಿಕೆಯಾಗಿ ಸೆರಗು ಎಳೆದುಕೊಂಡೆ. ಅವರು ಮಾತ್ರ ಸಾಮಾನ್ಯ ದನಿಯಲ್ಲೇ, "ಅದು ಇರೋ ಜಾಗ ಅದು. ಅಲ್ಲೇ ಇರ್ಲಿ. ಮಗೂನ ಅಲ್ಲಿಗೆ ತನ್ನಿ" ಅಂದರು.

ಎರಡು ದಿಂಬೂ ಆಚೆ ಹೋದವು. ನನ್ನ ಮಡಿಲಿನ ಮಟ್ಟವೇ ಸಾಕಾಗಿತ್ತು. ಒಂದು ಕೈ ಒರೆಸುವ ಟವೆಲ್ಲನ್ನು ಬಿಗಿಯಾಗಿ ಸುರುಳಿ ಸುತ್ತಿ, ಎದೆಯ ಕೆಳಗೆ, ಪಕ್ಕೆಗೆ ಒತ್ತಿ ಇಟ್ಟರು. ಎದೆಯ ಭಾರ ಆ ಸುರುಳಿಯ ಮೇಲೆ ಕೂತಿತು. ಏಳು ದಿನದಲ್ಲಿ ಮೊದಲ ಸಲ ನನ್ನ ಕೈಗೆ ಬಿಡುವು ಸಿಕ್ಕಿತು.

ಆಮೇಲೆ ಮಗುವನ್ನು ಮುಂದಿನಿಂದ ಅಲ್ಲ, ಪಕ್ಕದಿಂದ ತಂದರು. "ಕಂಕುಳಲ್ಲಿ ಛತ್ರಿ ಸಿಕ್ಕಿಸ್ಕೊಂಡು ಹೋಗ್ತೀವಲ್ಲ, ಹಂಗೆ." ಮಗುವಿನ ಮೈ ನನ್ನ ತೋಳಿನ ಕೆಳಗೆ, ಕಾಲು ಬೆನ್ನಿನ ಕಡೆ, ಕತ್ತು ಮತ್ತು ಭುಜ ನನ್ನ ಅಂಗೈ ಮೇಲೆ. ತಲೆಯನ್ನು ಹಿಡಿಯಬಾರದು, ಒತ್ತಬಾರದು. ಕತ್ತಿನ ಬುಡ ಹಿಡಿದರೆ ಸಾಕು, ತಲೆ ತಾನೇ ಸ್ವಲ್ಪ ಹಿಂದೆ ವಾಲುತ್ತದೆ. ಹೊಟ್ಟೆಯ ಹೊಲಿಗೆ ಮೇಲೂ ಭಾರ ಬೀಳಲಿಲ್ಲ. ನಾನು ಕೂತಿದ್ದ ಕುರ್ಚಿಯ ಬೆನ್ನಿಗೆ ಮಗುವಿನ ಪಾದ ತಾಗಿ ಅದು ಒದೆಯುತ್ತಿತ್ತು, ಒದ್ದಾಗಲೆಲ್ಲ ಬೆನ್ನು ಸೆಟೆಸುತ್ತಿತ್ತು. ಆಶಾ ಅಕ್ಕ ಅದನ್ನೂ ಗಮನಿಸಿ ಕಾಲನ್ನು ಕುರ್ಚಿಯ ಬೆನ್ನಿನುದ್ದಕ್ಕೆ ಮೇಲೆ ಮಾಡಿಸಿದರು. ಒದೆಯುವುದು ನಿಂತಿತು.

"ಈಗ ಎದೆನ ಒಂಚೂರು ಚಪ್ಪಟೆ ಮಾಡಿ. ಅವಳ ತುಟಿ ಯಾವ ಕಡೆ ಅಗಲವೋ ಆ ಕಡೆ ಇದೂ ಅಗಲ ಆಗ್ಬೇಕು. ಬೆರಳು ಕಪ್ಪಿನಿಂದ ದೂರ ಇರ್ಲಿ." ನನ್ನ ಬೆರಳು ಯಾವಾಗಲೂ ಕಪ್ಪು ಭಾಗದ ಮೇಲೇ ಇರುತ್ತಿದ್ದವು, ಮಗು ಕಚ್ಚಬೇಕಾದ ಜಾಗವನ್ನು ನಾನೇ ಹಿಡಿದು ಕೂತಿದ್ದೆ. ತೊಟ್ಟನ್ನು ಬಾಯಿಗಲ್ಲ, ಮೂಗಿನ ನೇರಕ್ಕೆ ಹಿಡಿದು ಕಾದೆವು. ಮಗು ವಾಸನೆ ಹಿಡಿದು ತಲೆ ಹಿಂದೆ ಮಾಡಿ ಆಕಳಿಸುವಂತೆ ಬಾಯಿ ತೆರೆಯಿತು. "ಈಗ" ಅಂದರು. ಭುಜ ಹಿಡಿದು ಒಳಗೆ ತಂದೆ. ಮೊದಲು ಗದ್ದ ತಾಗಿತು, ಆಮೇಲೆ ಬಾಯಿ ತುಂಬ ಎದೆ.

ಮೂಗು ಹುದುಗಿದ ಹಾಗಿತ್ತು. ಬೆರಳು ತಾನಾಗಿ ಅಲ್ಲಿಗೆ ಹೋಯಿತು. ಅವರು ನನ್ನ ಬೆರಳು ತೆಗೆದು, ಮಗುವಿನ ಅಂಡಿಗೆ ಕೈಕೊಟ್ಟು ನನ್ನ ಪಕ್ಕೆಗೆ ಇನ್ನಷ್ಟು ಒತ್ತಿದರು. ಅಷ್ಟಕ್ಕೇ ಗದ್ದ ಒಳಗೆ ಹೋಗಿ, ಮೂಗು ಎದೆಯಿಂದ ಎದ್ದು ಬಂತು. ಕೂಸುಗಳ ಮೂಗು ಚಪ್ಪಟೆಯಾಗಿ ಅಗಲವಾಗಿ ಇರುವುದರಿಂದ ಎರಡು ಬದಿಯಲ್ಲೂ ಗಾಳಿ ಹೋಗುತ್ತದೆ, ಉಸಿರಿಗೆ ತೊಂದರೆಯಾದರೆ ಮಗು ತಾನೇ ಬಾಯಿ ಬಿಡುತ್ತದೆ ಅಂದರು. ನಾನು ಕೇಳುತ್ತಿದ್ದದ್ದು ಬೇರೆ ಸದ್ದು. ಗುಟುಕ್... ಗುಟುಕ್. ನಡುವೆ ಒಂದು ಉಸಿರು. ಕಿವಿಯ ಹತ್ತಿರ ಅವಳ ದವಡೆ ಏಳುತ್ತಾ ಇಳಿಯುತ್ತಾ ಇತ್ತು. ಇನ್ನೊಂದು ಎದೆಯೂ ತೊರೆ ಬಿಟ್ಟು ಸೀರೆ ಒದ್ದೆಯಾಯಿತು. ಅಮ್ಮ ಬಾಗಿಲಲ್ಲಿ ನಿಂತು ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅವರು ಹೋದ ಮೇಲೆ ಅದು ನನಗೊಬ್ಬಳಿಗೇ ಬರಲಿಲ್ಲ. ಕಾರಣ ಸರಳ, ನನಗೆ ನನ್ನ ತೊಟ್ಟೇ ಕಾಣುತ್ತಿರಲಿಲ್ಲ. ಮೇಲಿನಿಂದ ನೋಡಿದರೆ ಎದೆ ಮಾತ್ರ, ಅದರಾಚೆ ಮಗುವಿನ ನೆತ್ತಿ. ತುಟಿ ಮಡಚಿದೆಯೋ ಬಿಚ್ಚಿದೆಯೋ ತಿಳಿಯದೆ ಪ್ರತಿ ಸಲ ಅಮ್ಮನನ್ನು ಕೂಗುತ್ತಿದ್ದೆ. "ಒಂದು ಕನ್ನಡಿ ಇದ್ದಿದ್ರೆ ಆಗ್ತಿತ್ತು" ಅಂತ ರಾತ್ರಿ ಊಟದ ಹೊತ್ತಿಗೆ ಅಮ್ಮನ ಹತ್ತಿರ ಅಂದೆ. ಬೆಳಿಗ್ಗೆ ಎದ್ದರೆ ಕೋಣೆಯ ಹೊಸ್ತಿಲ ಹೊರಗೆ ಅಪ್ಪ ಗಡ್ಡ ಹೆರೆದುಕೊಳ್ಳುವ ಕನ್ನಡಿ, ಒರೆಸಿ, ಗೋಡೆಗೆ ಒರಗಿಸಿ ಇಟ್ಟಿತ್ತು. ಅಂಚಿನ ತಗಡಿನಲ್ಲಿ ಒಣಗಿದ ಸೋಪಿನ ನೊರೆ ಇನ್ನೂ ಇತ್ತು. ಅಪ್ಪ ನನ್ನ ಹತ್ತಿರ ಆ ವಿಷಯ ಒಂದು ಮಾತೂ ಆಡಲಿಲ್ಲ. ಅದನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಕೆಳಗಿನಿಂದ ಮೇಲೆ ಕಾಣುವ ಹಾಗೆ ಓರೆ ಮಾಡಿಟ್ಟೆ. ಮಗುವಿನ ಕೆಳತುಟಿ, ಗದ್ದ, ಕಪ್ಪು ಭಾಗ ಎಲ್ಲ ಕಂಡಿತು. ಕಂಡ ಮೇಲೆ ಎರಡೇ ದಿನದಲ್ಲಿ ಕೈಗೆ ಹತ್ತಿತು. ದೊಡ್ಡ ಎದೆಯ ತಾಯಂದಿರಿಗೆ ನಾನು ಮೊದಲು ಹೇಳುವುದು ದಿಂಬಿನ ಮಾತಲ್ಲ, ಕನ್ನಡಿಯ ಮಾತು.

14ನೇ ದಿನ ಮಗು 3 ಕೆ.ಜಿ. 50 ಗ್ರಾಂ ತೂಗಿತು. ಡಬ್ಬಿ ಹಾಲನ್ನು ಆಶಾ ಅಕ್ಕ ಒಂದೇ ಸಲ ನಿಲ್ಲಿಸಲು ಬಿಡಲಿಲ್ಲ, ಒದ್ದೆ ಬಟ್ಟೆ ಎಣಿಸುತ್ತಾ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿಸಿದರು. ಮೂರನೇ ವಾರಕ್ಕೆ ಡಬ್ಬಿ ಅಟ್ಟ ಸೇರಿತು.

ರಾತ್ರಿಗೆ ಮಲಗಿ ಕೊಡುವುದನ್ನು ಕಲಿತೆ. ದೊಡ್ಡ ಎದೆಗೆ ಇದರಷ್ಟು ಸುಖ ಬೇರೆ ಇಲ್ಲ, ಭಾರವನ್ನೆಲ್ಲ ಹಾಸಿಗೆ ಹೊರುತ್ತದೆ. ಪಕ್ಕಕ್ಕೆ ಮಲಗಿ, ಕೆಳಗಿನ ಎದೆಯನ್ನು ಹಾಸಿಗೆಯ ಮೇಲೆ ಬಿಟ್ಟು, ತೊಟ್ಟು ತೀರಾ ಹಾಸಿಗೆಗೆ ತಾಗುತ್ತಿದ್ದರೆ ಅಡಿಗೆ ಮಡಚಿದ ಬಟ್ಟೆ ಕೊಟ್ಟು, ಮಗುವಿನ ಹೊಟ್ಟೆ ನನ್ನ ಹೊಟ್ಟೆಗೆ ಬರುವ ಹಾಗೆ ತಿರುಗಿಸಿಕೊಳ್ಳುತ್ತಿದ್ದೆ. ಆದರೆ ನಿದ್ದೆ ಎಳೆಯುತ್ತದೆ, ಅದೇ ಅಪಾಯ. ಅಮ್ಮ ಪಕ್ಕದಲ್ಲಿ ಎಚ್ಚರ ಕೂತು, ಕುಡಿದಾದ ಮೇಲೆ ಮಗುವನ್ನು ಎತ್ತಿ ತೇಗಿಸಿ ಬೇರೆ ಮಲಗಿಸುತ್ತಿದ್ದಳು. ದಪ್ಪ ರಗ್ಗನ್ನು ಮಗುವಿನ ಹತ್ತಿರ ಬಿಡುತ್ತಿರಲಿಲ್ಲ.

ಇಷ್ಟೆಲ್ಲ ಸರಿಹೋಗುವಾಗ ಎದೆಯ ಅಡಿ ಕೆಟ್ಟಿತು. ಇದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ, ಅದಕ್ಕೇ ವಿವರವಾಗಿ ಬರೆಯುತ್ತೇನೆ. ಮಳೆಗಾಲದ ತೇವ, ಕೋಣೆಯಲ್ಲಿ ಕೆಂಡ, ಫ್ಯಾನ್ ಹಾಕುವಂತಿಲ್ಲ, ಮೈತುಂಬ ಎಣ್ಣೆ ಹಚ್ಚಿ ಬಿಸಿನೀರು, ಮೇಲಿಂದ ಸೋರುವ ಹಾಲು. ಎದೆ ಹೊಟ್ಟೆಗೆ ತಾಗುವ ಮಡಿಕೆಯಲ್ಲಿ ಇದೆಲ್ಲ ಸೇರಿ ಮೊದಲು ನವೆ, ಆಮೇಲೆ ಉರಿ, ಆಮೇಲೆ ಹಸಿಮಾಂಸದ ಹಾಗೆ ಕೆಂಪು ಪಟ್ಟಿ. ಹುಳಿ ವಾಸನೆ ಬೇರೆ. ಅಮ್ಮ ಹರಳೆಣ್ಣೆ ಹಚ್ಚಿದಳು, ಇನ್ನೂ ಹೆಚ್ಚಾಯಿತು. ನೀರು ಹಾಕಲು ಬರುತ್ತಿದ್ದ ಅಜ್ಜಿ ಪೌಡರ್ ಹಾಕು ಮಗಾ ಅಂದರು. ಹಾಕಿದರೆ ಬೆವರಿಗೆ ಮುದ್ದೆಯಾಯಿತು, ಮಗುವಿನ ಮೂಗಿಗೂ ಹೋಗುತ್ತದೆ ಅಂತ ಬಿಟ್ಟೆ. ಡಾಕ್ಟರಿಗೆ ತೋರಿಸಿದಾಗ ಫಂಗಸ್ ಅಂದರು, ಕ್ಲೋಟ್ರಿಮಜೋಲ್ ಮುಲಾಮು ಬರೆದರು. ಮುಲಾಮಿಗಿಂತ ಮುಖ್ಯವಾಗಿ ಒಣಗಿಸಿ ಇಟ್ಟುಕೊಳ್ಳಿ ಅಂದರು.

ಒಣಗಿಸುವುದೇ ಕೆಲಸವಾಯಿತು. ಅಪ್ಪನ ಹಳೇ ಪಂಚೆಯೊಂದನ್ನು ಅಮ್ಮ ಗೇಣಗಲದ ಪಟ್ಟಿಗಳಾಗಿ ಹರಿದಳು. ತೊಳೆದು ತೊಳೆದು ಮಲ್ಲಿಗೆ ಎಸಳಿನಷ್ಟು ಮೆತ್ತಗಾಗಿದ್ದ ಬಟ್ಟೆ. ಸ್ನಾನದ ನಂತರ ಎದೆ ಎತ್ತಿ, ಉಜ್ಜದೆ, ಒತ್ತಿ ಒತ್ತಿ ಒರೆಸಿ, ಐದು ನಿಮಿಷ ಗಾಳಿಗೆ ಬಿಟ್ಟು, ಮಡಚಿದ ಪಟ್ಟಿಯನ್ನು ಮಡಿಕೆಯೊಳಗೆ ಇಡುತ್ತಿದ್ದೆ. ಚರ್ಮಕ್ಕೆ ಚರ್ಮ ತಾಗಬಾರದು, ಅಷ್ಟೇ. ದಿನಕ್ಕೆ ಐದಾರು ಪಟ್ಟಿ ಬದಲಾಯಿಸಬೇಕಿತ್ತು. ಬಿಸಿಲೇ ಇಲ್ಲದ ಊರಲ್ಲಿ ಅವು ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಒಣಗುತ್ತಿದ್ದವು, ಹೊಗೆಯ ವಾಸನೆ ಹಿಡಿದು. ಕೆಂಡದ ಅಗ್ಗಿಷ್ಟಿಕೆಯನ್ನು ಕೋಣೆಯಿಂದ ಆಚೆ ಇಡಿಸಲು ಮಾತ್ರ ಅಮ್ಮನ ಜೊತೆ ಎರಡು ದಿನ ಜಗಳವಾಡಿದೆ. "ಶೀತ ಆಗತ್ತೆ, ಆಮೇಲೆ ವಯಸ್ಸಾದ ಮೇಲೆ ಗೊತ್ತಾಗತ್ತೆ ನಿಂಗೆ" ಅಂತ ಅವಳು. ಕೊನೆಗೆ ನಾನು ಎದೆ ಎತ್ತಿ ಹುಣ್ಣು ತೋರಿಸಿದೆ. ಮಾತಾಡದೆ ಅಗ್ಗಿಷ್ಟಿಕೆ ಎತ್ತಿಕೊಂಡು ಹೋದಳು. ಆವತ್ತಿಂದ ಕುಡಿಯುವ ನೀರಿಗೂ ತಡೆ ಹಾಕಲಿಲ್ಲ. ವಾರದೊಳಗೆ ಕೆಂಪು ಇಳಿಯಿತು.

ನಡುವೆ ಒಮ್ಮೆ ಎಡ ಎದೆಯ ಕೆಳಬದಿಯಲ್ಲಿ ಗಂಟು ಕಟ್ಟಿ ಚಳಿಜ್ವರ ಬಂತು. ಬಿಗಿ ಬ್ರಾದ ಅಂಚು ಕೊರೆಯುತ್ತಿದ್ದ ಜಾಗವೇ ಅದು. ಆಂಟಿಬಯೋಟಿಕ್ ಕೊಟ್ಟ ಡಾಕ್ಟರ್, ಆ ಕಡೆ ಹಾಲು ನಿಲ್ಲಿಸಬೇಡಿ, ಗಂಟನ್ನು ತಿಕ್ಕಬೇಡಿ, ಕುಡಿಸಿದ ಮೇಲೆ ತಣ್ಣೀರ ಬಟ್ಟೆ ಇಡಿ ಅಂದರು. ನಾಲ್ಕು ದಿನದಲ್ಲಿ ಕರಗಿತು.

ಬ್ರಾ ವಿಷಯಕ್ಕೆ ಬಂದರೆ, ನಾನು ಹದಿನೈದು ವರ್ಷ ತಪ್ಪು ಅಳತೆಯದ್ದನ್ನೇ ಹಾಕಿದ್ದೆ. ಪೇಟೆಯ ಅಂಗಡಿಯಲ್ಲಿ ಕೌಂಟರಿನಾಚೆ ಗಂಡಸರು ನಿಂತಿರುತ್ತಾರೆ, ಕಣ್ಣಲ್ಲೇ ಅಳೆದು "40 ಕೊಡ್ಲಾ ಮೇಡಂ" ಅಂತಾರೆ, ಪೇಪರಲ್ಲಿ ಸುತ್ತಿಸಿಕೊಂಡು ಓಡಿ ಬರುತ್ತೇವೆ. ಈ ಸಲ ಟೇಪು ಹಿಡಿದು ಅಳೆದುಕೊಂಡೆ. ಎದೆಯ ಕೆಳಗೆ ಸುತ್ತ 36 ಇಂಚು, ಎದೆಯ ಮೇಲೆ 44. ಎಂಟು ಇಂಚಿನ ಅಂತರ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ದೊಡ್ಡ ಕಪ್ ಸೈಜ್ ಅಂದರೆ ಡಿ, ಅದು ನಾಲ್ಕು ಇಂಚಿನ ಅಂತರಕ್ಕೆ. ಕಪ್ ಸಾಲದಾದಾಗ ನಾವು 40, 42 ಅಂತ ಸುತ್ತಳತೆ ದೊಡ್ಡದು ಕೊಳ್ಳುತ್ತೇವೆ. ಅದು ಬೆನ್ನಲ್ಲಿ ಮೇಲೇರುತ್ತದೆ, ಭಾರವೆಲ್ಲ ಭುಜದ ಪಟ್ಟಿಗೆ ಬಿದ್ದು ಅಲ್ಲಿ ಗಾಡಿಯ ಜಾಡಿನಂತೆ ಗುಳಿ ಬೀಳುತ್ತದೆ. ಭಾರ ಹೊರಬೇಕಾದ್ದು ಕೆಳಗಿನ ಸುತ್ತುಪಟ್ಟಿ, ಭುಜವಲ್ಲ. ನಮ್ಮೂರಿನ ಹೆಂಗಸರ ಟೈಲರ್ ಒಬ್ಬರು ಆ ಅಳತೆಗೇ ತಂತಿಯಿಲ್ಲದ ಹತ್ತಿಯದ್ದು ಹೊಲಿದುಕೊಟ್ಟರು: ಮುಂದೆ ಹುಕ್ಕು, ಒಂದೂವರೆ ಇಂಚಿನ ಭುಜಪಟ್ಟಿ, ಕೆಳಗೆ ಮೂರು ಇಂಚು ಅಗಲದ ಪಟ್ಟಿ. ಮೂರು ಹೊಲಿಸಿದೆ. ಮೊದಲನೆಯದನ್ನು ಹಾಕಿಕೊಂಡು ನೆಟ್ಟಗೆ ನಿಂತಾಗ ಕುತ್ತಿಗೆಯ ಹಿಂದಿನ ಎಳೆತ ಇರಲಿಲ್ಲ, ಅದು ಇಲ್ಲದಿದ್ದರೆ ಹೇಗಿರುತ್ತದೆ ಅಂತಲೇ ನನಗೆ ಮರೆತುಹೋಗಿತ್ತು.

ಜನರ ನಡುವೆ ಕೊಡುವುದು ಕಲಿಯಲು ಹೆಚ್ಚು ದಿನ ಹಿಡಿಯಿತು. ಒಂದು ಕೈ ಮಗುವಿಗೆ, ಒಂದು ಕೈ ಎದೆಗೆ ಬೇಕು, ಸೆರಗು ಹಿಡಿಯಲು ಮೂರನೇ ಕೈ ಎಲ್ಲಿಂದ ತರುವುದು? ನಾಮಕರಣದ ದಿನ ಕೋಣೆಗೆ ಬಂದವರೊಬ್ಬರು "ಅಬ್ಬಾ, ಇವಳ ಮಗಳಿಗೆ ಏನು ಕಡಿಮೆ" ಅಂದಾಗ ಮತ್ತೆ ಭುಜ ಬಾಗಿತು. ಅಮ್ಮ "ಗಾತ್ರಕ್ಕೂ ಹಾಲಿಗೂ ಸಂಬಂಧ ಇಲ್ವಂತೆ, ಸುಮ್ನಿರಿ ಅತ್ತಿಗೆ" ಅಂತ ಎಲ್ಲರ ಮುಂದೆ ಹೇಳಿದಳು. ಬೆಂಗಳೂರಿಗೆ ಹೊರಡುವ ಮೊದಲು ಹಳೇ ಬನಿಯನ್ನಿನಲ್ಲಿ ಎದೆಯ ಜಾಗಕ್ಕೆ ಎರಡು ದುಂಡನೆ ತೂತು ಕತ್ತರಿಸಿ ಒಳಗೆ ಹಾಕಿಕೊಂಡೆ, ಮೇಲೆ ಸಡಿಲ ಕುರ್ತಾ. ಕುರ್ತಾ ಎತ್ತಿದರೂ ಹೊಟ್ಟೆ, ಬೆನ್ನು ಕಾಣುವುದಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು, ಟವೆಲ್ ಸುರುಳಿ, ಛತ್ರಿಯ ಹಾಗೆ ಮಗು. ತರೀಕೆರೆ ದಾಟುವಷ್ಟರಲ್ಲಿ ಕುಡಿದು ಮಲಗಿದ್ದಳು.

ನಾಲ್ಕು ತಿಂಗಳಾದ ಮೇಲೆ ಅವಳ ಕತ್ತು ನಿಂತಿತು, ಬಾಯಿ ದೊಡ್ಡದಾಯಿತು, ಟವೆಲ್ಲು ಕನ್ನಡಿ ಎರಡೂ ಬೇಡವಾದವು. ಕೆಲಸಕ್ಕೆ ಮರಳಿದಾಗ ಹಾಲು ಹಿಂಡುವ ಪಂಪು ತಂದೆ. ದೊಡ್ಡ ಎದೆಗೆ ದೊಡ್ಡ ಬಟ್ಟಲೇ ಬೇಕು ಅಂದುಕೊಂಡು ಹಾಕಿ ನೋವು ತಿಂದೆ. ಆ ಬಟ್ಟಲಿನ ಅಳತೆ ತೊಟ್ಟಿನ ದಪ್ಪದ್ದು, ಎದೆಯದ್ದಲ್ಲ. ನನಗೆ ಬೇಕಿದ್ದದ್ದು ಚಿಕ್ಕದು.

ಈಗ ಅವಳಿಗೆ ಹನ್ನೊಂದು ತಿಂಗಳು. ಆಟದ ನಡುವೆ ಬಂದು, ಕುರ್ತಾ ಎಳೆದು, ಎದೆಯನ್ನು ಎರಡು ಕೈಯಲ್ಲಿ ತಾನೇ ಹಿಡಿದು ಕುಡಿದು ಓಡುತ್ತಾಳೆ. ಜೂನ್ ಬಂತು, ಊರಲ್ಲಿ ಮಳೆ ಹಿಡಿದಿದೆಯಂತೆ, ಹದಿನೈದು ದಿನ ಹೋಗಿ ಇರಬೇಕು. ನಿನ್ನೆ ಫೋನಿನಲ್ಲಿ ಅಮ್ಮ, ಅಪ್ಪನ ಇನ್ನೊಂದು ಹಳೇ ಪಂಚೆ ಹರಿದು, ತೊಳೆದು, ಬಚ್ಚಲೊಲೆ ಮೇಲೆ ಹಾಕಿದ್ದೀನಿ ಅಂದಳು.